ಬೆಲ್ಲಿ ಡಾನ್ಸಿನವರ ಲಿಸ್ಟೂ ನನ್ನ ಕುಂಕುಮದ ಬಟ್ಟಲೂ

ಬಡಿಸಿದ ಎಲೆಯ ಮುಂದಿನಿಂದ ನಡುವೆ ಎದ್ದು ಹೋದರೆ ನಮ್ಮ ಕಡೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅಡುಗೆಯವರಿಂದ ಹಿಡಿದು ಹೆಣ್ಣಿನ ಸೋದರಮಾವನವರೆಗೆ ಎಲ್ಲರೂ ಮುನಿಸಿಕೊಳ್ಳುತ್ತಾರೆ, ಮೂರು ಮದುವೆ ಕಳೆದರೂ ಆ ಮಾತು ಸಾಯುವುದಿಲ್ಲ. ಸಿಂಗಪುರದ ಬೆಲ್ಲಿ ಡಾನ್ಸಿನವರ ಮೇಲಿಂಗ್ ಲಿಸ್ಟಿನಿಂದ ಹೊರಗೆ ಬರುವುದೂ ಹೀಗೆಯೇ. ಪ್ರತಿ ಮೇಲಿನ ಕೊನೆಯಲ್ಲೂ ಇರುವೆ ಗಾತ್ರದ ಅಕ್ಷರದಲ್ಲಿ ಅನ್‌ಸಬ್‌ಸ್ಕ್ರೈಬ್ ಎಂದು ಬರೆದಿರುತ್ತದೆ. ಅದನ್ನು ಒತ್ತಿದವರನ್ನು ನಾನು ಒಬ್ಬರನ್ನೇ ನೋಡಿದ್ದು. ಆಕೆ ಆಮೇಲೆ ಊರನ್ನೇ ಬಿಟ್ಟು ಪರ್ತ್‌ಗೆ ಹೋದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನು ನಂಬಿಲ್ಲ.

ನಾನು ಈ ಲೋಕಕ್ಕೆ ಬಂದದ್ದು ಬೆನ್ನುನೋವಿನ ದಾರಿಯಿಂದ. ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ಸೊಂಟ ಹಲಗೆಯಾಗಿತ್ತು. ಅದನ್ನು ಆಡಿಸಬೇಕು ಎಂದಳು ಫಿಸಿಯೋದವಳು. ಆಫೀಸಿನ ಹಿಂದಿನ ಬೀದಿಯಲ್ಲಿ, ಕೆಳಗೆ ಅಂಗಡಿಯಿರುವ ಹಳೆಯ ಶಾಪ್‌ಹೌಸಿನ ಮಹಡಿಯಲ್ಲಿ ಸೊಂಟ ಆಡಿಸುವುದನ್ನೇ ಹೇಳಿಕೊಡುತ್ತೇವೆ ಎಂಬ ಬೋರ್ಡಿತ್ತು. ಸಂಜೆ ಆರಕ್ಕೆ ಕ್ಲಾಸು. ಮುಗಿಸಿಕೊಂಡು ಬುಕಿತ್ ಪಂಜಾಂಗ್‌ನ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಲು ಹೊತ್ತಿರುತ್ತಿತ್ತು. ಸೇರಿದ ದಿನ ಊಟಕ್ಕೆ ಕೂತಾಗ ಗಂಡನಿಗೆ ವಿಷಯ ಹೇಳಿದೆ.

“ಬೆಲ್ಲಿ ಓಕೆ, ಆಲ್ರೆಡಿ ಇದೆ. ಡಾನ್ಸ್ ಹೆಂಗೆ ಮ್ಯಾನೇಜ್ ಮಾಡ್ತೀಯ?” ಎಂದ.

ಅವತ್ತು ಅವನಿಗೆ ಎರಡನೇ ಸಲ ಸಾರು ಸಿಗಲಿಲ್ಲ.

ನಮ್ಮ ಟೀಚರ್‌ಗೆ ಆಗ ಅರವತ್ತಾರು. ಸಿಂಗಪುರದ್ದೇ ಚೀನೀ ಹೆಂಗಸು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸೊಂಟವನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಎಂದು ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೊದಲ ವಾರವೇ ನೆಲದ ಮೇಲೆ ದೂರು ಹೇಳಿದೆ. ಟೀಚರ್ ಒಳಗೆ ಹೋಗಿ, ಬಡಗಿಗಳು ಬಳಸುವ ನೀರಿನ ಗುಳ್ಳೆಯ ಮಟ್ಟಗೋಲು ತಂದು ನನ್ನ ಕಾಲ ಬುಡದಲ್ಲಿಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು. “ನೆಲ ಸರಿ ಇದೆ, ಲಾ. ಭುಜ ಕೆಳಗೆ!” ಎಂದರು. ನನ್ನ ಭುಜಗಳು ಕಿವಿಯವರೆಗೆ ಏರಿದ್ದವು. ಏನಾದರೂ ಹೆದರಿಕೆಯಾದರೆ ಅವು ಈಗಲೂ ಏರುತ್ತವೆ. ಅಂದಹಾಗೆ, ಅವರೆಲ್ಲ ಆಡುವುದು ಸಿಂಗಪುರದ ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ಮಾತಿನ ಕೊನೆಗೆ ನಾವು ಕಣೇ ಅನ್ನುವ ಹಾಗೆ ಅಂಟಿಸುವ ಆ ಲಾ ಮಾತ್ರ ಅವರದೇ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಕ್ಲಾಸಿಗೆ ಸೇರಿದ ಮೇಲೆ ಲಿಸ್ಟಿಗೂ ಸೇರಿದೆ. ಈ ಊರಿನ ಪ್ರತಿ ಬೆಲ್ಲಿ ಡಾನ್ಸ್ ಟೀಚರಿಗೂ ಒಂದೊಂದು ಲಿಸ್ಟಿದೆ, ಟೀಚರುಗಳೆಲ್ಲ ಒಬ್ಬರ ಲಿಸ್ಟಿನಲ್ಲಿ ಇನ್ನೊಬ್ಬರು ಇದ್ದಾರೆ. ಅದಕ್ಕೆ ಬರೆಯದ ಶಾಸ್ತ್ರಗಳಿವೆ. ಇನ್ನೊಬ್ಬಳ ಕ್ಲಾಸಿನ ಪ್ರಚಾರ ಬಂದರೆ ಮೂರು ಆಶ್ಚರ್ಯಸೂಚಕ ಹಾಕಿ ಹೊಗಳಬೇಕು, ಹೋಗುವುದು ಬಿಡುವುದು ಬೇರೆ ಮಾತು. ನಿಮ್ಮ ಪ್ರಚಾರ ಕಳಿಸುವ ಮೊದಲು ಆ ವಾರ ಇನ್ನೊಬ್ಬಳನ್ನು ಒಮ್ಮೆಯಾದರೂ ಹೊಗಳಿರಬೇಕು. ವಾರಕ್ಕೊಂದು ಮೇಲ್ ಕಳಿಸಿದರೆ ಮರ್ಯಾದಸ್ಥೆ, ಎರಡಾದರೆ ಆಸೆಬುರುಕಿ. ಎಲ್ಲಕ್ಕಿಂತ ದೊಡ್ಡ ಪಾಪವೆಂದರೆ ಇನ್ನೊಬ್ಬ ಟೀಚರಿನ ಹಾಜರಿ ಹಾಳೆಯಿಂದ ಅಡ್ರೆಸ್ ಕದಿಯುವುದು. ಇದಕ್ಕೆ ಪ್ರಾಯಶ್ಚಿತ್ತವಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಯಾಕೆಂದರೆ ಇದನ್ನು ಹೇಳಬೇಕಾದೀತು ಎಂದೇ ಅವರಿಗೆ ಹೊಳೆದಿರಲಿಲ್ಲ.

ನಮ್ಮ ಟೀಚರ್ ಬೇರೆಲ್ಲದರಲ್ಲೂ ಮರ್ಯಾದಸ್ಥೆ. ಜೋರಾಗಿ ಮಾತಾಡಿದವರಲ್ಲ, ಎಂಆರ್‌ಟಿ ರೈಲಿನಲ್ಲಿ ಸೀಟಿಗಾಗಿ ನುಗ್ಗಿದವರಲ್ಲ. ಆದರೆ ಮೇಲನ್ನು ಮಾತ್ರ ದಿನಕ್ಕೊಂದು ಕಳಿಸುತ್ತಿದ್ದರು. ದಿನಕ್ಕೊಂದು! ಹನ್ನೆರಡು ವರ್ಷದಿಂದ ನಡೆಯುತ್ತಿರುವ ಅದೇ ಮಂಗಳವಾರದ ಕ್ಲಾಸಿಗೆ “ಲಾಸ್ಟ್ ಚಾನ್ಸ್!” ಎಂಬ ತಲೆಬರಹ. ಅದೇ ಕ್ಲಾಸಿನಲ್ಲಿ ಅದೇ ಒಂಬತ್ತು ಜನ ಹೆಂಗಸರು, ಎಲ್ಲರೂ ನಲವತ್ತು ದಾಟಿದವರು, ಯಾರೂ ಎಲ್ಲಿಗೂ ಹೋಗುವವರಲ್ಲ. ನಮಗೂ ದಿನಾ ಬರುತ್ತಿತ್ತು, ಕ್ಲಾಸಿಗೆ ಬನ್ನಿ, ಇದು ಕೊನೆಯ ಅವಕಾಶ ಎಂದು. ನಾವು ಅದನ್ನು ಓದದೆ ಅಳಿಸಿ ಕ್ಲಾಸಿಗೆ ಹೋಗುತ್ತಿದ್ದೆವು. ಬೇರೆ ಟೀಚರುಗಳು ಬೆನ್ನ ಹಿಂದೆ ನಗುತ್ತಿದ್ದರು. ನನಗೂ ಸಿಟ್ಟು ಬರುತ್ತಿತ್ತು. ಆದರೆ ಎಲೆಯಿಂದ ಯಾರು ಎದ್ದಾರು?

ಎರಡು ವರ್ಷದ ಹಿಂದೆ, ಆಗಸ್ಟಿನಲ್ಲಿ, ಟೀಚರಿನ ಬಲ ಮಂಡಿ ಕೈಕೊಟ್ಟಿತು. ಜನವರಿಯಲ್ಲಿ ಆಪರೇಷನ್, ಆಮೇಲೆ ನಡೆಯಬಹುದು, ಕುಣಿಯುವುದು ಬೇಡ ಎಂದರು ಡಾಕ್ಟರು. ಅಂದರೆ ನವೆಂಬರಿನ ಹಾಫ್ಲಾವೇ ಅವರ ಕೊನೆಯ ಕುಣಿತ. ಹಾಫ್ಲಾ ಅಂದರೆ ಬೆಲ್ಲಿ ಡಾನ್ಸಿನವರ ಕೂಟ. ಒಬ್ಬರು ಕುಣಿಯುತ್ತಾರೆ, ಉಳಿದವರು ನಾಲಿಗೆ ಹೊರಳಿಸಿ ಕೂಗುತ್ತಾರೆ, ಕೊನೆಗೆ ಎಲ್ಲರೂ ಬೀಹೂನ್ ಎಂಬ ಅಕ್ಕಿ ಶಾವಿಗೆ ತಿನ್ನುತ್ತಾರೆ. ಪ್ರತಿ ವರ್ಷ ಅದನ್ನು ನಡೆಸುವವಳು ಜುರಾಂಗ್ ವೆಸ್ಟ್‌ನ ಇನ್ನೊಬ್ಬ ಟೀಚರ್. ನಾವು ಅವಳನ್ನು ಜುರಾಂಗಿನವಳು ಎನ್ನುತ್ತಿದ್ದೆವು. ಐವತ್ತರ ಗಟ್ಟಿ ಹೆಂಗಸು. ಹಗಲು ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ, ಸಂಜೆ ಕುಣಿತ, ಎರಡರಲ್ಲೂ ಕೈಯಲ್ಲಿ ಸ್ಕೇಲು. ಟೀಚರಿಗೆ ಹಾಫ್ಲಾದಲ್ಲಿ ಐದು ನಿಮಿಷ ಕೊಟ್ಟಿದ್ದಳು. ಆ ಐದು ನಿಮಿಷಕ್ಕಾಗಿ ಟೀಚರ್ ಮಂಡಿಗೆ ಪಟ್ಟಿ ಕಟ್ಟಿಕೊಂಡು ದಿನಾ ಅಭ್ಯಾಸ ಮಾಡುತ್ತಿದ್ದರು.

ನನ್ನ ಕೈಲಾದ ಸಹಾಯ ಮಾಡುತ್ತೇನೆ, ಲಿಸ್ಟಿನ ಕೆಲಸ ನನಗೆ ಬಿಡಿ ಎಂದೆ. ನಾನು ಐಟಿಯವಳಲ್ಲವೇ! ಟೀಚರ್ ಪಾಸ್‌ವರ್ಡ್ ಬರೆದುಕೊಟ್ಟರು. ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟ ಹಾಗೆ.

ಒಳಗೆ ಹೋಗಿ ನೋಡುತ್ತೇನೆ, ಮನುಷ್ಯರು ಬರೆದ ಉತ್ತರಗಳಿಗಿಂತ ಯಂತ್ರ ತಾನಾಗಿ ಕಳಿಸುವ ಉತ್ತರಗಳೇ ಸಾವಿರಗಟ್ಟಲೆ. ರಜೆಯಲ್ಲಿದ್ದೇನೆ, ಪೆಟ್ಟಿಗೆ ತುಂಬಿದೆ, ಆ ಹೆಸರಿನವರು ಇಲ್ಲಿಲ್ಲ. ಅದರಲ್ಲಿ ಒಂದು ಅಡ್ರೆಸ್ಸಿನಿಂದ ಮಾತ್ರ ಟೀಚರ್ ಕಳಿಸಿದ ಪ್ರತಿಯೊಂದಕ್ಕೂ ಅದೇ ಉತ್ತರ: “ನಾನೀಗ ರಿಹರ್ಸಲ್‌ನಲ್ಲಿದ್ದೇನೆ. ಆಮೇಲೆ ಉತ್ತರಿಸುತ್ತೇನೆ. ಭುಜ ಕೆಳಗೆ!” ವರ್ಷಗಳಿಂದ, ದಿನಕ್ಕೊಂದು. ಎಂಥ ಶ್ರದ್ಧೆಯ ನರ್ತಕಿಯಪ್ಪಾ, ಒಂದು ದಿನವೂ ರಿಹರ್ಸಲ್ ತಪ್ಪಿಸಿಲ್ಲ ಎಂದು ನಕ್ಕೆ. ಆಮೇಲೆ ಯಂತ್ರದ ಉತ್ತರಗಳೆಲ್ಲ ಬಂದೊಡನೆ ಕಸದ ಬುಟ್ಟಿಗೆ ಬೀಳುವಂತೆ ಒಂದು ರೂಲ್ ಹಾಕಿದೆ. ಪೆಟ್ಟಿಗೆ ಕನ್ನಡಿಯ ಹಾಗೆ ಹೊಳೆಯಿತು. ಟೀಚರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ನೋಡಿ “ಕ್ಲೀನ್, ಲಾ” ಎಂದರು.

ವಿಚಿತ್ರವೆಂದರೆ ಆ ವಾರದಿಂದ ಟೀಚರಿನ ಮೇಲ್‌ಗಳು ಹೆಚ್ಚಿದವು. ದಿನಕ್ಕೆ ಒಂದಿದ್ದದ್ದು ಎರಡಾಯಿತು, ಮೂರಾಯಿತು. ಬೆಳಿಗ್ಗೆ ಲಾಸ್ಟ್ ಚಾನ್ಸ್, ಮಧ್ಯಾಹ್ನ ಫೈನಲ್ ಲಾಸ್ಟ್ ಚಾನ್ಸ್. ಒಂದು ಸಂಜೆ ಶೂ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ, “ಯಾರಾದ್ರೂ ರಿಪ್ಲೈ ಮಾಡಿದ್ರಾ?” ಎಂದು ಕೇಳಿದರು.

“ಇಲ್ಲ ಟೀಚರ್. ಈಗ ಕಸ ಒಂದೂ ಬರಲ್ಲ,” ಎಂದೆ ನಾನು, ಬಹುಮಾನ ಗೆದ್ದವಳ ಹಾಗೆ.

ಇನ್ನು ನನ್ನ ದೊಡ್ಡ ತಪ್ಪಿನ ಕಥೆ. ಸೆಪ್ಟೆಂಬರಿನಲ್ಲಿ ಜುರಾಂಗಿನವಳು ಮುಸುಕಿನ ಬಟ್ಟೆ ಹಿಡಿದು ಕುಣಿಯುವ ಒಂದು ದಿನದ ವರ್ಕ್‌ಶಾಪ್ ಮಾಡಿದಳು. ನಾನೂ ಹೋದೆ. ಬೇಗ ಹೋದ ತಪ್ಪಿಗೆ ಬಾಗಿಲಲ್ಲಿ ಹಾಜರಿ ಹಾಳೆಯ ಕ್ಲಿಪ್‌ಬೋರ್ಡ್ ಹಿಡಿದು ನಿಲ್ಲುವ ಕೆಲಸ ಬಿತ್ತು. ಮೂವತ್ತೊಂದು ಜನ ಹೆಸರು, ಮೇಲ್ ಅಡ್ರೆಸ್ ಬರೆದರು. ಅವರಲ್ಲಿ ಎಲ್ಲರೂ ನರ್ತಕಿಯರಲ್ಲ. ಬಾಗಿಲಲ್ಲಿ ಕ್ಲಿಪ್‌ಬೋರ್ಡ್ ಕಂಡರೆ ಬರೆದು ಸಹಿ ಹಾಕಿಬಿಡುವುದು ಈ ಊರಿನ ಅಭ್ಯಾಸ. ಏರ್‌ಕಾನ್, ಅಂದರೆ ಎಸಿ, ತೊಳೆಯಲು ಬಂದ ಅಂಕಲ್ ಬರೆದ. ಟಾಯ್ಲೆಟ್ ಹುಡುಕಿಕೊಂಡು ಬಂದ ಇಬ್ಬರು ಆಂಟಿಯರೂ ಬರೆದರು.

ಹಾಳೆ ನೋಡುತ್ತಾ ನನ್ನೊಳಗೆ ಒಂದು ಹಳೆಯ ಜೀವ ಎದ್ದು ಕೂತಿತು. ಟೀಚರಿನ ಕೊನೆಯ ಕುಣಿತ, ಮತ್ತು ಇಷ್ಟು ಜನರಿಗೆ ಗೊತ್ತೇ ಇಲ್ಲ! ನಮ್ಮಮ್ಮ ನನ್ನ ಮದುವೆಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕರೆದಿದ್ದರು, ಜಗಳವಾಡಿದ್ದ ಮನೆಗೂ, ಬಾಡಿಗೆಗೆ ಬಂದು ಎರಡು ದಿನವಾಗಿದ್ದ ಮನೆಗೂ. ಕರೆದರೆ ಬರದೆ ಇರಬಹುದು, ಆದರೆ “ನಮ್ಮನ್ನು ಕರೆಯಲಿಲ್ಲ” ಎಂಬ ಮಾತು ಮಾತ್ರ ಬರಬಾರದು ಎಂದು ಅವರ ಸಿದ್ಧಾಂತ. ನಾನು ಹಾಳೆಯ ಫೋಟೋ ಹೊಡೆದುಕೊಂಡೆ. ಮನೆಗೆ ಬಂದು ಮೂವತ್ತೊಂದನ್ನೂ ಲಿಸ್ಟಿನಲ್ಲಿದ್ದ ನಲವತ್ತರ ಜೊತೆ ಸೇರಿಸಿ, ಒಟ್ಟು ಎಪ್ಪತ್ತೊಂದು ಮಂದಿಗೆ ಟೀಚರಿನ ಹೆಸರಿನಲ್ಲಿ ಆಮಂತ್ರಣ ಕಳಿಸಿದೆ. ಇಂಗ್ಲಿಷಿನಲ್ಲೇ ಬರೆದೆ, ಆದರೆ ಧಾಟಿ ನಮ್ಮದು. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಒಂದು ದಿನ ಮುಂಚಿತವಾಗಿಯೇ ಬಂದು, ಕುಣಿತವನ್ನು ಚಂದಗಾಣಿಸಿಕೊಟ್ಟು, ಆಶೀರ್ವದಿಸಬೇಕಾಗಿ ವಿನಂತಿ. ಎಲ್ಲರ ಅಡ್ರೆಸ್ಸೂ ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ಯಾರು ಯಾರನ್ನು ಕರೆದಿದ್ದೇವೆ ಎಂದು ಗೊತ್ತಾಗಲಿ ಎಂದು.

ಮೊದಲ ಉತ್ತರ ಹತ್ತು ನಿಮಿಷದಲ್ಲಿ ಬಂತು, ಎಲ್ಲರಿಗೂ: ನನ್ನನ್ನು ಈ ಲಿಸ್ಟಿನಿಂದ ತೆಗೆಯಿರಿ. ಎರಡನೆಯದು, ಎಲ್ಲರಿಗೂ: ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ. ಮೂರನೆಯದು, ಎಲ್ಲರಿಗೂ: ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಏಕೆ ಉತ್ತರಿಸಿದ್ದೀರಿ? ಮಧ್ಯಾಹ್ನದ ಹೊತ್ತಿಗೆ ಎಂಬತ್ತು ಮೇಲ್ ದಾಟಿತ್ತು. ಸಪರಿವಾರ ಅಂದರೆ ಸೇವಕರೂ ಸೇರಿದರೇ, ನಮ್ಮ ಮನೆಗೆಲಸದವಳನ್ನು ಕರೆತರಬಹುದೇ ಎಂದು ಒಬ್ಬಳು ನಿಜವಾಗಿಯೇ ಕೇಳಿದ್ದಳು. ಒಂದು ದಿನ ಮುಂಚೆ ಬಂದರೆ ಮಲಗುವುದೆಲ್ಲಿ ಎಂದು ಇನ್ನೊಬ್ಬಳು. ಏರ್‌ಕಾನ್ ಅಂಕಲ್, ಗಂಡಸರಿಗೂ ಕ್ಲಾಸ್ ಇದೆಯೇ ಎಂದು ವಿಚಾರಿಸಿದ್ದ. ಆಗ ಜುರಾಂಗಿನವಳ ಮೇಲ್ ಬಂತು, ಒಂದೂ ಆಶ್ಚರ್ಯಸೂಚಕವಿಲ್ಲದೆ. ಅದನ್ನು ನೋಡಿಯೇ ಎಲ್ಲರೂ ಸುಮ್ಮನಾದರು.

ನನ್ನ ಹಾಜರಿ ಹಾಳೆಯಿಂದ ಅಡ್ರೆಸ್ ಕದ್ದಿದ್ದೀರಿ. ನಿಮ್ಮ ಐದು ನಿಮಿಷ ರದ್ದು. ಬೇಕಿದ್ದರೆ ಎರಡು ವಾರದೊಳಗೆ ಲಿಸ್ಟಿನ ಪ್ರತಿಯೊಬ್ಬರಿಂದಲೂ ಒಪ್ಪಿಗೆಯ ಸಹಿ ತನ್ನಿ. ಒಪ್ಪದವರನ್ನು ಅಳಿಸಿ, ಅಚ್ಚು ಹಾಕಿದ ಲಿಸ್ಟನ್ನು ನನಗೆ ತೋರಿಸಿ. ಸಹಿಯಿಲ್ಲದ ಒಂದು ಸಾಲಿದ್ದರೂ ಹಾಫ್ಲಾ ಇಲ್ಲ. ಇಷ್ಟೇ ಇತ್ತು ಅದರಲ್ಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಮಾಡಿದ್ದು, ಟೀಚರ್ ಉಂಡದ್ದು. ತಪ್ಪು ನನ್ನದೆಂದು ಎಲ್ಲರಿಗೂ ಬರೆಯುತ್ತೇನೆ ಎಂದೆ. “ಎಲ್ಲರಿಗೂ ಬರೀಬೇಡ, ಪ್ಲೀಸ್,” ಎಂದರು ಟೀಚರ್. ಆಮೇಲೆ, “ಲಿಸ್ಟ್ ನಂದು. ತಪ್ಪೂ ನಂದೇ, ಲಾ,” ಎಂದು ಮಂಡಿಯ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಆ ಪಟ್ಟಿ ಬಿಚ್ಚಿದ್ದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದೆ.

ಒಪ್ಪಿಗೆ ಕೇಳುವುದು ಹೇಗೆ? ಮೇಲ್ ಕಳಿಸಲೇ ಎಂದು ಕೇಳಲು ಮೇಲ್ ಕಳಿಸಿದರೆ ಅದೂ ಬೇಡದ ಮೇಲೇ. ಎರಡು ದಿನ ಇದನ್ನೇ ಯೋಚಿಸಿ ತಲೆ ಕೆಟ್ಟಿತು. ಮೂರನೇ ದಿನ ದೇವರ ಮನೆಯಲ್ಲಿ ಕೂತಿದ್ದಾಗ ಕುಂಕುಮದ ಬಟ್ಟಲು ಕಂಡಿತು. ಅಮ್ಮ ಮೇಲ್ ಕಳಿಸಿ ಕರೆದಿದ್ದರೇ? ಮನೆ ಮನೆಗೆ ಹೋಗಿದ್ದರು! ತಟ್ಟೆಯಲ್ಲಿ ಅರಿಸಿನ, ಕುಂಕುಮ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಹೊರಟೆ. ಕಂಕುಳಲ್ಲಿ ಫೈಲು. ಒಬ್ಬರ ಮನೆಯಲ್ಲಿ ಇನ್ನೊಬ್ಬರ ಮನೆ ಎಲ್ಲಿ ಎಂದು ಕೇಳಿಕೊಳ್ಳುತ್ತಾ ಹೋಗುವುದೆಂದುಕೊಂಡೆ.

“ನೀನು ಡೇಟಾ ಪ್ರೈವೆಸಿಗೆ ಎಲೆ ಅಡಿಕೆ ಕೊಡೋಕೆ ಹೊರಟಿದ್ದೀಯ?” ಎಂದ ಗಂಡ.

“ಹೌದು. ನೀನು ಬಾಳೆಹಣ್ಣು ತಂದ್ಕೊಡು,” ಎಂದೆ. ಪಾಪ, ಎರಡು ವಾರ ತಂದುಕೊಟ್ಟ.

ಮೊದಲ ಮನೆಯಲ್ಲಿ, ಅದೂ ನಮ್ಮ ಬುಕಿತ್ ಪಂಜಾಂಗ್‌ನಲ್ಲೇ, ಕಬ್ಬಿಣದ ಗೇಟಿನಾಚೆ ನಿಂತ ಹೆಂಗಸು ನಾನು ಧರ್ಮ ಮಾರಲು ಬಂದವಳೆಂದು ತಿಳಿದು ಕೈಮುಗಿದು ಬಾಗಿಲು ಹಾಕಿದಳು. ನಾನು ಗೇಟಿನ ಹೊರಗೇ ತಟ್ಟೆ ಹಿಡಿದು ಒಂದು ಸುತ್ತು ಸೊಂಟ ತಿರುಗಿಸಿದೆ. ಬಾಗಿಲು ತೆರೆಯಿತು. ದಂತವೈದ್ಯರ ಬಳಿ ನರ್ಸ್ ಆಗಿದ್ದವಳೊಬ್ಬಳು ರೋಗಿಯ ಬಾಯಲ್ಲಿ ಕೊಳವೆ ಬಿಟ್ಟು ಬಂದು ಸಹಿ ಹಾಕಿದಳು. ಒಬ್ಬ ಮಲಯ್ ನರ್ತಕಿಯ ತಾಯಿ ವೀಳ್ಯದೆಲೆ ನೋಡಿ ಕಣ್ಣರಳಿಸಿ, ತಮ್ಮ ಅಜ್ಜಿಯ ಎಲೆಡಬ್ಬಿ ತೆಗೆದು ತೋರಿಸಿ, ಒಂದು ಗಂಟೆ ಕೂರಿಸಿಕೊಂಡರು. ಮಗಳ ಬದಲಿಗೆ ಅವರೇ ಸಹಿ ಹಾಕಲು ಬಂದರು, ಕಷ್ಟಪಟ್ಟು ತಡೆದೆ. ಏರ್‌ಕಾನ್ ಅಂಕಲ್ ತನ್ನ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗದ, ಇಲ್ಲಿಯವರ ವಾಯ್ಡ್ ಡೆಕ್ಕಿನ, ಕಲ್ಲುಬೆಂಚಿನ ಮೇಲೆ ಕೂತು ಎರಡು ಕಡೆ ಸಹಿ ಹಾಕಿ, ಬಾಳೆಹಣ್ಣು ಅಲ್ಲೇ ಸುಲಿದು ತಿಂದ. ತಾಂಬೂಲ ಕೈಗೆ ಬಂದ ಮೇಲೆ ಬೇಡ ಅನ್ನುವುದು ಯಾವ ದೇಶದವರಿಗೂ ಆಗುವುದಿಲ್ಲ ಎಂದು ಆ ಎರಡು ವಾರದಲ್ಲಿ ಕಲಿತೆ.

ಎಪ್ಪತ್ತು ಸಹಿ ಆಯಿತು. ಉಳಿದದ್ದು ಒಂದೇ ಸಾಲು, ಆ ಸದಾ ರಿಹರ್ಸಲ್‌ನಲ್ಲಿರುವವಳು. ಮನೆ ಎಲ್ಲಿ ಎಂದು ಟೀಚರನ್ನು ಕೇಳಿದೆ. “ಅದೊಂದು ನನಗೆ ಬಿಡು,” ಎಂದರು. ಮರುದಿನ ಕೇಳಿದೆ, ಅದೇ ಉತ್ತರ. ಗಡುವಿನ ಶನಿವಾರ ಬೆಳಿಗ್ಗೆ ಇಬ್ಬರೂ ಜುರಾಂಗ್ ವೆಸ್ಟ್‌ಗೆ ರೈಲು ಹತ್ತಿದಾಗಲೂ ಆ ಸಾಲು ಖಾಲಿಯಿತ್ತು. ಸತ್ಯ ಹೇಳಿಬಿಡುತ್ತೇನೆ, ನಾನೇ ಒಂದು ಸಹಿ ಗೀಚಿಬಿಡಲೇ ಎಂದು ಪೆನ್ನು ತೆಗೆದಿದ್ದೆ. ಟೀಚರ್ ನನ್ನ ಕೈ ಹಿಡಿದು ಪೆನ್ನನ್ನು ಚೀಲಕ್ಕೆ ಹಾಕಿದರು.

ಜುರಾಂಗಿನವಳು ಊಟದ ಮೇಜು ಒರೆಸಿ, ಕನ್ನಡಕ ಹಾಕಿಕೊಂಡು, ಸ್ಕೇಲು ಹಿಡಿದು ಕಾದಿದ್ದಳು. ಅವಳಿಗೂ ಕುಂಕುಮದ ತಟ್ಟೆ ಒಯ್ದಿದ್ದೆ, ತೆಂಗಿನಕಾಯಿ ಸಮೇತ. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲಿ ಎಂದು ಕಾಯನ್ನು ಫೈಲಿನ ಮೇಲಿಟ್ಟು, ಸ್ಕೇಲನ್ನು ಸಾಲು ಸಾಲಾಗಿ ಇಳಿಸುತ್ತಾ ಹೋದಳು. ಏರ್‌ಕಾನ್ ಅಂಕಲ್ಲಿನ ಎರಡನೇ ಸಹಿಯನ್ನು ಹೊಡೆದು ಹಾಕಿದಳು. ಕೊನೆಯ ಹಾಳೆಯಲ್ಲಿ ಸ್ಕೇಲು ನಿಂತಿತು. ಸಹಿಯಿಲ್ಲದ ಹೆಸರನ್ನು ಓದಿದಳು.

“ಇವಳು ತೀರಿಕೊಂಡು ನಾಲ್ಕು ವರ್ಷ ಆಯ್ತು,” ಎಂದಳು. “ನಾನೇ ಹೂ ತಗೊಂಡು ಹೋಗಿದ್ದೆ. ನನಗೆ ಡಾನ್ಸ್ ಕಲಿಸಿದವಳು ಇವಳು. ನೀನು ಸತ್ತವರಿಗೂ ಲಾಸ್ಟ್ ಚಾನ್ಸ್ ಅಂತ ಮೇಲ್ ಕಳಿಸ್ತೀಯಾ?”

ಟೀಚರ್ ಮೇಜಿನ ಅಂಚನ್ನು ಹಿಡಿದು ಕೂತಿದ್ದರು. “ಅವಳು ರಿಪ್ಲೈ ಮಾಡ್ತಾಳೆ,” ಎಂದರು.

ಆಮೇಲೆ ನಿಧಾನವಾಗಿ, ಗಣಿತದ ಲೆಕ್ಕ ಬಿಡಿಸುವವರ ಹಾಗೆ ಹೇಳಿದರು. ಇಬ್ಬರೂ ಒಂದೇ ಶಾಲೆಯಲ್ಲಿ ಟೀಚರಾಗಿದ್ದವರು, ಒಟ್ಟಿಗೆ ಕುಣಿತ ಕಲಿತವರು, ಆ ಮಹಡಿಯ ಕ್ಲಾಸನ್ನು ಒಟ್ಟಿಗೆ ಶುರು ಮಾಡಿದವರು. “ಹೋದ ಮೇಲೆ ಒಂದಿನ ಸುಮ್ನೆ ಹೇಗಿದ್ದೀಯ ಅಂತ ಮೇಲ್ ಮಾಡಿದೆ. ತಕ್ಷಣ ರಿಪ್ಲೈ ಬಂತು. ರಿಹರ್ಸಲ್‌ನಲ್ಲಿದ್ದೀನಿ ಅಂತ. ಅವಳ ಗಂಡ ಅಕೌಂಟ್ ಕ್ಲೋಸ್ ಮಾಡಿಲ್ಲ, ಯಾಕೆ ಅಂತ ನಾನು ಕೇಳಿಲ್ಲ. ಆಮೇಲೆ ನನಗೇ ನಾಚಿಕೆ ಆಯ್ತು, ಲಾ. ಸತ್ತವಳನ್ನ ದಿನಾ ಹೇಗಿದ್ದೀಯ ಅಂತ ಕೇಳೋದಾ? ಕ್ಲಾಸಿನ ಪ್ರಚಾರ ಆದ್ರೆ ಎಲ್ಲರಿಗೂ ಹೋಗುತ್ತೆ, ಅವಳಿಗೂ ಹೋಗುತ್ತೆ. ಒಂದು ಕಾರಣ ಇರುತ್ತೆ.” ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: “ಎರಡು ತಿಂಗಳಿಂದ ರಿಪ್ಲೈ ಇಲ್ಲ. ಎಷ್ಟು ಕಳಿಸಿದ್ರೂ ಇಲ್ಲ. ಆದ್ರೂ ಅವಳನ್ನ ಅಳಿಸಬೇಡಿ. ನನಗೆ ಐದು ನಿಮಿಷ ಬೇಡ.”

ಎರಡು ತಿಂಗಳು. ನನ್ನ ಭುಜಗಳು ಕಿವಿಗೆ ಬಂದವು. ಅಷ್ಟೂ ಮೇಲ್‌ಗಳು, ಬೆಳಿಗ್ಗೆಯ ಲಾಸ್ಟ್ ಚಾನ್ಸು, ಮಧ್ಯಾಹ್ನದ ಫೈನಲ್ ಲಾಸ್ಟ್ ಚಾನ್ಸು, ನಾವೆಲ್ಲ ಬೈದುಕೊಂಡು ಅಳಿಸಿದವು, ಆ ಒಂದು ಸಾಲಿಗಾಗಿ ಹೋಗಿದ್ದವು. ಅದನ್ನು ಕಸ ಎಂದವಳು ನಾನು.

“ಟೀಚರ್, ಅವರು ರಿಪ್ಲೈ ಮಾಡಿದ್ದಾರೆ,” ಎಂದೆ. “ನಾನೇ ಬಿಸಾಕಿದ್ದು.”

ಫೋನಿನಲ್ಲಿ ಕಸದ ಬುಟ್ಟಿ ತೆರೆದೆ. ತಿಂಗಳಿಗೂ ಹಳೆಯವು ತಾವಾಗಿಯೇ ಅಳಿದುಹೋಗಿದ್ದವು. ಆದರೆ ಕಳೆದ ಮೂವತ್ತು ದಿನದ್ದು ಎಲ್ಲವೂ ಇತ್ತು, ದಿನಕ್ಕೆ ಮೂರರಂತೆ, ಒಂದೂ ತಪ್ಪಿರಲಿಲ್ಲ. ಫೋನನ್ನು ಟೀಚರಿನ ಮುಂದಿಟ್ಟೆ. ಅವರು ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ಸರಿಸುತ್ತಾ ಹೋದರು. ನಾನು ಅತ್ತೆ, ಮುಚ್ಚಿಡುವುದೇನು. ಬೇರೊಬ್ಬರ ಮನೆಯ ಊಟದ ಮೇಜಿನ ಮುಂದೆ ಮೂಗು ಸೀಟಿಕೊಂಡು ಅತ್ತೆ. ಟೀಚರ್ ಅಳಲಿಲ್ಲ. ನನ್ನ ಮೇಲೆ ಸಿಟ್ಟನ್ನೂ ಮಾಡಲಿಲ್ಲ. “ನಿನ್ನೆ ಕೂಡ,” ಎಂದರು, ಅಷ್ಟೇ.

ಜುರಾಂಗಿನವಳು ಕೈ ಚಾಚಿ ಫೋನು ತೆಗೆದುಕೊಂಡಳು. ಎಲ್ಲಕ್ಕಿಂತ ಮೇಲಿದ್ದದ್ದನ್ನು ಜೋರಾಗಿ ಓದಿದಳು. “ನಾನೀಗ ರಿಹರ್ಸಲ್‌ನಲ್ಲಿದ್ದೇನೆ. ಆಮೇಲೆ ಉತ್ತರಿಸುತ್ತೇನೆ. ಭುಜ ಕೆಳಗೆ!” ಅಂದವಳೇ ತನ್ನ ಭುಜ ಇಳಿಸಿದಳು. ಟೀಚರೂ ಇಳಿಸಿದರು. ನನಗೆ ಯಾರೂ ಹೇಳಲಿಲ್ಲ, ಆದರೂ ನನ್ನವೂ ಇಳಿದವು. ಕಲಿಸಿದವಳು ಹೇಳಿದರೆ ಇಳಿಸಲೇಬೇಕಲ್ಲ.

ಜುರಾಂಗಿನವಳು ಪೆನ್ನು ತೆಗೆದು, ತೆಂಗಿನಕಾಯಿ ಸರಿಸಿ, ಒಪ್ಪಿಗೆಯ ಅಂಕಣದಲ್ಲಿ “ರಿಹರ್ಸಲ್‌ನಲ್ಲಿದ್ದಾರೆ” ಎಂದು ಬರೆದು ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ತಪಾಸಣೆ ಮುಗಿದ ಕಾರ್ಖಾನೆಯ ಮಾಲಿಗೆ ಹಾಕುವ ಹಾಗೆ ದಿನಾಂಕವನ್ನೂ ಹಾಕಿದಳು. ನಾನು ಅಲ್ಲೇ ಕೂತು ಆ ದರಿದ್ರ ರೂಲ್ ಅಳಿಸಿದೆ.

ಹಾಫ್ಲಾದ ದಿನ ಎಪ್ಪತ್ತರಲ್ಲಿ ಅರವತ್ತಕ್ಕೂ ಹೆಚ್ಚು ಜನ ಬಂದರು, ಸಕುಟುಂಬ ಸಪರಿವಾರ ಸಮೇತರಾಗಿಯೇ. ಮಲಯ್ ನರ್ತಕಿಯ ತಾಯಿ ಎಲೆಡಬ್ಬಿ ತಂದಿದ್ದರು. ಏರ್‌ಕಾನ್ ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ನನ್ನ ಗಂಡ, ಇಬ್ಬರೂ ಏರ್‌ಕಾನ್ ಬಗ್ಗೆ ಮಾತಾಡುತ್ತಾ. ಟೀಚರ್ ಪರದೆಯ ಹಿಂದೆ ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು, ನಾನು ಅವರ ಸೊಂಟದ ನಾಣ್ಯದ ವಸ್ತ್ರವನ್ನು ಪಿನ್ನು ಮಾಡುತ್ತಿದ್ದೆ. ಜುರಾಂಗಿನವಳು ಒಳಗೆ ಬಂದದ್ದು ಆಗ. ಬೆಳಿಗ್ಗೆ ತನ್ನ ಲಿಸ್ಟಿಗೆ ಆ ಒಂದು ಅಡ್ರೆಸ್ಸನ್ನೂ ಸೇರಿಸಿಕೊಂಡು ಎಲ್ಲರಿಗೂ ಕೊನೆಯ ಆಮಂತ್ರಣ ಕಳಿಸಿದ್ದಳಂತೆ, ಲಾಸ್ಟ್ ಚಾನ್ಸ್ ಎಂಬ ತಲೆಬರಹ ಹಾಕಿ. ಫೋನು ಟೀಚರಿನ ಮುಂದೆ ಹಿಡಿದಳು.

“ಅವಳು ಬರೋಕ್ಕಾಗಲ್ವಂತೆ,” ಎಂದಳು. “ರಿಹರ್ಸಲ್ ಇದೆಯಂತೆ.”

ಟೀಚರ್ ಓದಿದರು. “ಯಾವಾಗ್ಲೂ ಹಿಂಗೇ. ಲೇಟ್,” ಎಂದು ಭುಜ ಇಳಿಸಿ, ಪರದೆ ಸರಿಸಿ ಹೊರಗೆ ಹೋದರು.